ನೆತ್ತಿಯಾ, ಗದ್ದವಾ, ಎದೆಯಾ? ಟ್ರೇಲ್ ಸವಾರಿ ಶೂಟ್ ಮಾಡೋಕೆ ಕ್ಯಾಮೆರಾ ಆರಿಸೋ ಮುಂಚೆ

ಎರಡು ತಿಂಗಳಲ್ಲಿ ಮೂರು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ದಾರೆ: ಟ್ರೇಲಿನಲ್ಲಿ, ಅಂದರೆ ಕಾಡುಮೇಡಿನ ದಾರಿಯಲ್ಲಿ, ಸೈಕಲ್ ಓಡಿಸೋದನ್ನ ಶೂಟ್ ಮಾಡೋಕೆ ಯಾವ ಕ್ಯಾಮೆರಾ ತಗೊಳ್ಳಲಿ? ಒಬ್ಬರು ಬೆಂಗಳೂರಿನವರು. ವಾರವಿಡೀ ಆಫೀಸು, ಭಾನುವಾರ ಬೆಳಿಗ್ಗೆ ಆರಕ್ಕೆ ಅವಲಹಳ್ಳಿ ಕಾಡಿನ ಹತ್ತಿರ ಕಾರಿಂದ ಸೈಕಲ್ ಇಳಿಸುವವರು. ಅವರದ್ದು "ಗೋಪ್ರೋನಾ, ಡಿಜೆಐನಾ?" ಅನ್ನೋ ನೇರ ಪ್ರಶ್ನೆ. ಎರಡೂ ಮೈಮೇಲೆ ಕಟ್ಟಿಕೊಳ್ಳುವ ಸಣ್ಣ ಆ್ಯಕ್ಷನ್ ಕ್ಯಾಮೆರಾ ಮಾಡುವ ಕಂಪನಿಗಳು. ಇನ್ನೊಬ್ಬ ಸಕಲೇಶಪುರದ ಕಡೆಯ ಕಾಲೇಜು ಹುಡುಗ. "ಅಣ್ಣಾ, ಕೈಯಲ್ಲಿ 12 ಸಾವಿರ ಇದೆ, ಅಷ್ಟರಲ್ಲಿ ಹೆಲ್ಮೆಟ್ ಮೇಲೆ ಕೂರೋದು ಯಾವುದಾದ್ರೂ ಹೇಳಿ" ಅಂತ. ಮೂರನೆಯವರು ಮೈಸೂರಿನವರು, ಈಗ ಸಿಯಾಟಲ್ ಹತ್ತಿರ ಇದ್ದಾರೆ, ಬೇಸಿಗೆ ಬಂದರೆ ಗಡಿ ದಾಟಿ ಕೆನಡಾದ ವಿಸ್ಲರ್ ಬೈಕ್ ಪಾರ್ಕಿಗೆ ಹೋಗುತ್ತಾರೆ, ಫುಲ್‌ಫೇಸ್ ಹೆಲ್ಮೆಟ್ ಹಾಕುತ್ತಾರೆ. 360 ಡಿಗ್ರಿ ಕ್ಯಾಮೆರಾ ತಗೊಂಡರೆ ಹೇಗೆ ಅಂತ ಅವರ ಯೋಚನೆ.

ಮೂವರಿಗೂ ಬೇರೆ ಬೇರೆ ಉತ್ತರ ಬರೆದೆ. ಬರೆದಾದ ಮೇಲೆ ನೋಡಿದರೆ ಮೂರರಲ್ಲೂ ಅರ್ಧ ಮಾತು ಒಂದೇ ಇತ್ತು. ಕ್ಯಾಮೆರಾ ಯಾವುದು ಅಂತ ಆಮೇಲೆ ನೋಡೋಣ, ಅದು ಮೈಮೇಲೆ ಎಲ್ಲಿ ಕೂರಬೇಕು ಅಂತ ಮೊದಲು ತೀರ್ಮಾನ ಮಾಡಿ. ನಾನು ಇದನ್ನ ಉಲ್ಟಾ ಮಾಡಿದವನು. ಆಗ ಅಂಗಡಿಯಲ್ಲಿದ್ದ ದುಬಾರಿ ಕ್ಯಾಮೆರಾ ಮೊದಲು ತಂದೆ, ಬಾಕ್ಸ್‌ನಲ್ಲಿ ಬಂದ ಸ್ಟಿಕ್ಕರ್‌ನ ಹೆಲ್ಮೆಟ್ ನೆತ್ತಿಗೆ ಅಂಟಿಸಿದೆ, ಎರಡು ಗಂಟೆ ಓಡಿಸಿ ಮನೆಗೆ ಬಂದು ನೋಡಿದರೆ ಮುಕ್ಕಾಲು ಪಾಲು ಆಕಾಶ, ಕೆಳಗಡೆ ಹೆಲ್ಮೆಟ್ಟಿನ ಮುಂಚಾಚು, ದಾರಿ ಅನ್ನೋದು ಇವೆರಡರ ನಡುವೆ ಒಂದು ಗೆರೆ. ಮೂರನೇ ವಾರ ಅದೇ ಕ್ಯಾಮೆರಾ ಲಂಟಾನ ಪೊದೆಗೆ ಸಿಕ್ಕಿ ಹಾರಿಹೋಗಿ, ಹುಡುಕೋಕೆ ನಲವತ್ತು ನಿಮಿಷ ಹಿಡಿಯಿತು. ನಾಲ್ಕು ಜನ ಸೇರಿ ಪೊದೆ ಬಡಿಯುತ್ತಿದ್ದರೆ ಅಲ್ಲೇ ಮೇಕೆ ಮೇಯಿಸುತ್ತಿದ್ದ ಅಜ್ಜ ಬಂದು "ಏನ್ ಕಳ್ಕಂಡ್ರಪ್ಪಾ?" ಅಂದರು. ಹೇಗೆ ಹೇಳೋದು, "ತಲೆ ಮೇಲಿದ್ದ ಕ್ಯಾಮೆರಾ" ಅಂದೆ. ಅವರ ಮುಖ ಇನ್ನೂ ನೆನಪಿದೆ.

ಈ ಹುಚ್ಚು ಹೊಸದೇನಲ್ಲ ಬಿಡಿ. 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಮಾರ್ಕ್ ಶುಲ್ಜ್ ಎಂಬಾತ ಮೋಟಾರ್‌ಸೈಕಲ್ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿ, ಅದರ ವೈರನ್ನು ಬೆನ್ನಿನ ಚೀಲದಲ್ಲಿ ಮೆತ್ತೆ ಸುತ್ತಿಟ್ಟ ವಿಸಿಆರ್‌ಗೆ ಸಿಕ್ಕಿಸಿಕೊಂಡು ಮೌಂಟನ್ ಬೈಕ್ ಓಡಿಸಿದ್ದ. ಕತ್ತಿನ ಗತಿ ಊಹಿಸಿಕೊಳ್ಳಿ. ಈಗ 150 ಗ್ರಾಂಗೆ ಅದಕ್ಕಿಂತ ಎಷ್ಟೋ ಪಟ್ಟು ಚೆನ್ನಾದ ಚಿತ್ರ ಬರುತ್ತದೆ. ಆದರೆ ಕತ್ತಿನ ಪ್ರಶ್ನೆ ಅವತ್ತಿನದೇ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು

ವಿಡಿಯೋ ಯಾರಿಗೆ? ಇದು ಮುಜುಗರದ ಪ್ರಶ್ನೆ, ಆದರೂ ಕೇಳಿಕೊಳ್ಳಿ. ಒಂದೂವರೆ ಗಂಟೆಯ ಸವಾರಿ ವಿಡಿಯೋನ ನಿಮ್ಮನ್ನು ಬಿಟ್ಟು ಯಾರೂ ನೋಡಲ್ಲ, ನೆಂಟರ ಮದುವೆ ಕ್ಯಾಸೆಟ್ ಥರ ಅದು. ಬೇರೆಯವರಿಗೆ ತೋರಿಸೋದು ನಲವತ್ತು ಸೆಕೆಂಡಿನ ತುಣುಕು. ಇನ್ನು ಕೆಲವರಿಗೆ ವಿಡಿಯೋ ಬೇಕಾಗಿರೋದು ತಾವು ತಿರುವಿನಲ್ಲಿ ಯಾಕೆ ಪದೇ ಪದೇ ಕಾಲು ಇಡ್ತೀವಿ ಅಂತ ತಿಳಿಯೋಕೆ. ಈ ಮೂರಕ್ಕೂ ಬೇಕಾದ ಕ್ಯಾಮೆರಾ ಬೇರೆ, ಕೂರಿಸೋ ಜಾಗ ಬೇರೆ.

ನಿಮ್ಮ ಹೆಲ್ಮೆಟ್ ಎಂಥದ್ದು? ಗಾಳಿಕಿಂಡಿ ತುಂಬಿದ ಅರ್ಧ ಹೆಲ್ಮೆಟ್ಟಾ, ಗದ್ದ ಮುಚ್ಚೋ ಫುಲ್‌ಫೇಸಾ? ಅರ್ಧ ಹೆಲ್ಮೆಟ್ಟಿಗೆ ಗದ್ದದ ಜಾಗವೇ ಇಲ್ಲ, ಅಲ್ಲಿಗೆ ಒಂದು ಆಯ್ಕೆ ಹೋಯಿತು.

ಓಡಿಸೋದು ಎಂಥ ಬೆಳಕಿನಲ್ಲಿ? ಬೆಂಗಳೂರಿನ ತುರಹಳ್ಳಿಯ ಬಯಲು ಬಂಡೆ ಮೇಲೆ ಯಾವ ಕ್ಯಾಮೆರಾ ಆದರೂ ಚೆನ್ನಾಗೇ ಕಾಣುತ್ತದೆ. ಮಲೆನಾಡಿನ ಮರಗಳ ಕೆಳಗೆ, ಅದೂ ಮೋಡ ಕವಿದಿದ್ದರೆ, ಅಗ್ಗದ ಕ್ಯಾಮೆರಾದ ಬಣ್ಣ ಬಯಲಾಗುತ್ತದೆ.

ಬಿದ್ದರೆ ಏನಾಗುತ್ತದೆ? ಎಡಿಟ್ ಮಾಡೋಕೆ ಕೂರುವ ತಾಳ್ಮೆ ಎಷ್ಟು? ಕೊನೆಗೆ ದುಡ್ಡು. ದುಡ್ಡು ಅಂದರೆ ಬರೀ ಕ್ಯಾಮೆರಾ ಬೆಲೆ ಹಿಡಿಯಬೇಡಿ. ಒಂದು ಒಳ್ಳೆ ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ, ಕ್ಯಾಮೆರಾ ಕೂರಿಸೋ ಸರಿಯಾದ ಮೌಂಟು, ಇಷ್ಟಕ್ಕೂ ಮೇಲೆ ದುಡ್ಡು ಇಟ್ಟುಕೊಳ್ಳಿ.

ಎಲ್ಲಿ ಕೂರಿಸೋದು

ನೆತ್ತಿ. ಎಲ್ಲರೂ ಮೊದಲು ಕೈ ಹಾಕೋದು ಇದಕ್ಕೇ. ಎತ್ತರದಿಂದ ದೂರದವರೆಗೂ ದಾರಿ ಕಾಣುತ್ತದೆ, ಮುಂದೆ ಹೋಗುವ ಗೆಳೆಯನನ್ನು ಶೂಟ್ ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ತಲೆ ತಿರುಗಿದ ಕಡೆ ಕ್ಯಾಮೆರಾ ತಿರುಗುತ್ತದೆ, ಕುತ್ತಿಗೆ ಮತ್ತು ಮಂಡಿ ಅರ್ಧ ಅದುರನ್ನು ತಾವೇ ನುಂಗಿಕೊಳ್ಳುತ್ತವೆ. ಅದಕ್ಕೇ ಚಿತ್ರ ನಯವಾಗಿ ಬರುತ್ತದೆ. ತೊಂದರೆ ಅಂದರೆ ನಿಮ್ಮ ಹ್ಯಾಂಡಲ್, ಕೈ, ಮುಂದಿನ ಚಕ್ರ ಯಾವುದೂ ಕಾಣಲ್ಲ. ನೋಡುವವರಿಗೆ ಯಾವುದೋ ಡ್ರೋನ್ ತಗ್ಗಿನಲ್ಲಿ ಹಾರಿದ ಹಾಗೆ ಅನಿಸುತ್ತದೆ, ಸೈಕಲ್ ಮೇಲಿದ್ದೀವಿ ಅನ್ನೋ ಭಾವನೆ ಬರಲ್ಲ. ಮೇಲಾಗಿ ಕೊಂಬು ಮೂಡಿದ ಹಾಗೆ ನಾಲ್ಕೈದು ಇಂಚು ಎತ್ತರ ಜಾಸ್ತಿ ಆಗಿರುತ್ತೀರಿ, ಆದರೆ ಕೊಂಬೆ ಕೆಳಗೆ ಬಗ್ಗುವಾಗ ನಿಮ್ಮ ಮೆದುಳು ಹಳೇ ಎತ್ತರದ ಲೆಕ್ಕದಲ್ಲೇ ಬಗ್ಗಿಸುತ್ತದೆ. ನನ್ನ ಲಂಟಾನ ಪ್ರಸಂಗ ಆಗಿದ್ದು ಹೀಗೆ.

ಇಲ್ಲೇ ಸುರಕ್ಷತೆಯ ಮಾತು ಹೇಳಿಬಿಡ್ತೀನಿ, ಯಾಕೆಂದರೆ ನೆತ್ತಿಯಲ್ಲೇ ಇದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಸೈಕಲ್ ಹೆಲ್ಮೆಟ್ ಅಂದರೆ ಮೇಲೆ ತೆಳ್ಳನೆ ಪ್ಲಾಸ್ಟಿಕ್ಕು, ಒಳಗೆ ಥರ್ಮೋಕೋಲ್ ಥರದ ಗಟ್ಟಿ ನೊರೆ, ಬಿದ್ದಾಗ ಅದು ತಾನು ಪುಡಿಯಾಗಿ ತಲೆ ಉಳಿಸಬೇಕು, ಮತ್ತು ನೆಲದ ಮೇಲೆ ಜಾರಿಕೊಂಡು ಹೋಗಬೇಕು. ಅದರ ಮೇಲೊಂದು ಗಟ್ಟಿ ಡಬ್ಬಿ ಬಿಗಿದಿದ್ದರೆ ಜಾರುವ ಬದಲು ಸಿಕ್ಕಿಕೊಳ್ಳಬಹುದು, ಹೊಡೆತ ಒಂದೇ ಕಡೆ ಬೀಳಬಹುದು. ಹೆಲ್ಮೆಟ್ ಜೊತೆ ಬರುವ, ನಾವು ಓದದೆ ಎಸೆಯುವ ಚೀಟಿ ತೆಗೆದು ನೋಡಿ, ಕಂಪನಿ ಒಪ್ಪದ ವಸ್ತು ಏನೂ ಅಂಟಿಸಬೇಡಿ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. 2022ರಲ್ಲಿ ಪಕ್ಕದ ಕೇರಳದಲ್ಲಿ ಮೋಟಾರು ವಾಹನ ಇಲಾಖೆ ದ್ವಿಚಕ್ರ ಸವಾರರು ಹೆಲ್ಮೆಟ್ ಮೇಲೆ ಕ್ಯಾಮೆರಾ ಹಾಕಬಾರದು ಅಂದಿದ್ದೂ ಈ ಕಾರಣಕ್ಕೇ. ಅದು ಮೋಟಾರು ಬೈಕಿನ ಮಾತು, ನಮ್ಮ ಸೈಕಲ್‌ದಲ್ಲ, ಆದರೆ ತಲೆ ಎರಡು ಕಡೆಯೂ ಒಂದೇ ಅಲ್ವಾ. ಹಾಗಾಗಿ ನನ್ನ ನಿಯಮ ಇಷ್ಟು. ಜೋರಾಗಿ ಹೊಡೆತ ಬಿದ್ದರೆ ಕ್ಯಾಮೆರಾ ಕಿತ್ತುಕೊಂಡು ಹೋಗಬೇಕು. ಸ್ಟಿಕ್ಕರ್ ಸರಿ, ಹೊಡೆತಕ್ಕೆ ಕಳಚಿಕೊಳ್ಳುವ ಮೌಂಟ್ ಇನ್ನೂ ಸರಿ. ಬೆಲ್ ಕಂಪನಿಯ ಸೂಪರ್ ಸರಣಿಯ ಹೆಲ್ಮೆಟ್‌ಗಳಲ್ಲಿ ಅಂಥದ್ದನ್ನು ಜೊತೆಗೇ ಕೊಡುತ್ತಿದ್ದರು. ಹೆಲ್ಮೆಟ್ಟಿಗೆ ತೂತು ಕೊರೆದು ಬೋಲ್ಟು ಹಾಕೋದು, ಜಿಪ್ ಟೈ ಬಿಗಿಯೋದು ಬೇಡವೇ ಬೇಡ. ಕಳೆದುಹೋಗಬಾರದು ಅಂತ ದಾರ ಕಟ್ಟುವುದಾದರೆ ಗೇಣುದ್ದಕ್ಕಿಂತ ಕಮ್ಮಿ ಇರಲಿ, ಉದ್ದ ಇದ್ದರೆ ಬಿದ್ದಾಗ ಕ್ಯಾಮೆರಾ ಕವಣೆ ಕಲ್ಲಿನ ಥರ ಸುತ್ತಿ ಬಂದು ಮುಖಕ್ಕೇ ಹೊಡೆಯುತ್ತದೆ.

ಕಿಂಡಿ ತುಂಬಿದ ಹೆಲ್ಮೆಟ್ಟಿಗೆ ಸ್ಟಿಕ್ಕರ್ ಕೂರೋಷ್ಟು ಸಮತಟ್ಟು ಜಾಗ ಸಿಗೋದು ಕಷ್ಟ, ಅದಕ್ಕೆ ಕಿಂಡಿಗಳ ಮೂಲಕ ಪಟ್ಟಿ ತೂರಿಸಿ ಬಿಗಿಯುವ ಮೌಂಟ್ ಬರುತ್ತದೆ. ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ನಿಮ್ಮ ಹೆಲ್ಮೆಟ್ ಒಳಗೆ ಮಿಪ್ಸ್ ಪದರ ಇದ್ದರೆ, ಅದೇ ಆ ತೆಳ್ಳನೆ ಹಳದಿ ಪ್ಲಾಸ್ಟಿಕ್ಕು, ಪಟ್ಟಿ ಅದನ್ನು ಅಲ್ಲಾಡದ ಹಾಗೆ ಕಟ್ಟಿಹಾಕಬಾರದು. ಬಿದ್ದಾಗ ಅಲ್ಲಾಡಿ ತಲೆಗೆ ತಿರುಚುವ ಹೊಡೆತ ಕಮ್ಮಿ ಮಾಡೋದೇ ಅದರ ಕೆಲಸ.

ಹೆಲ್ಮೆಟ್ಟಿನ ಪಕ್ಕ. ಒಂದೇ ಮಾತು, ಬೇಡ. ಒಂದು ಕಡೆ ಭಾರ, ಚಿತ್ರ ಓರೆ, ಕಿವಿ ಹತ್ತಿರ ಕೊಂಬೆ. ತುಂಬ ಚಿಕ್ಕ ಕ್ಯಾಮೆರಾ ಆದರೆ ಮಾತ್ರ ಯೋಚನೆ ಮಾಡಿ.

ಗದ್ದ. ಫುಲ್‌ಫೇಸ್ ಇದ್ದವರಿಗೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಇಲ್ಲೇ ಕೂರಿಸಿ. ಕಣ್ಣಿನ ಎತ್ತರಕ್ಕೆ ಹತ್ತಿರ ಇರುತ್ತದೆ, ನೀವು ನೋಡಿದ್ದನ್ನೇ ನೋಡುತ್ತದೆ, ಕೆಳಗಡೆ ಹ್ಯಾಂಡಲ್ ಮತ್ತು ಎರಡು ಕೈ ಕಾಣುತ್ತವೆ. ಕೈ ಕಂಡರೆ ಸಾಕು, ನೋಡುವವರಿಗೆ ತಾವೇ ಓಡಿಸಿದ ಹಾಗಾಗುತ್ತದೆ. ಕೊಂಬೆ ಕಾಟ ಇಲ್ಲ. ತೊಂದರೆ ಎರಡು. ಉಸಿರಾಟದ ಶಬ್ದ ಪೂರ್ತಿ ರೆಕಾರ್ಡ್ ಆಗುತ್ತದೆ, ಏರು ಹತ್ತುವ ವಿಡಿಯೋನ ಮನೆಯವರ ಎದುರು ಹಾಕಿದರೆ ಅವರಿಗೆ ಗಾಬರಿ. ಎರಡನೇದು, ಗದ್ದದ ಹತ್ತಿರ ಸಮತಟ್ಟು ಜಾಗ ಇರಲ್ಲ. ಮೋಟಾರು ಬೈಕಿನ ಹೆಲ್ಮೆಟ್ಟಿಗೆ ಅಂತ ಸಿಗುವ ಗದ್ದದ ಪಟ್ಟಿಗಳು ಅಗಲ ಕಿಂಡಿ ಇರುವ ಸೈಕಲ್ ಫುಲ್‌ಫೇಸಿನಲ್ಲಿ ಜಾರಿಕೊಂಡು ಬರುತ್ತವೆ, ಕೊಳ್ಳುವ ಮುಂಚೆ ಹೆಲ್ಮೆಟ್ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಗದ್ದದ ಹೊರಗೆ ಗಟ್ಟಿ ಡಬ್ಬಿ ಇದೆ ಅನ್ನೋದು ಮುಖ ಅಡಿಯಾಗಿ ಬಿದ್ದಾಗ ಒಳ್ಳೆಯದಲ್ಲ ಅನ್ನೋದನ್ನೂ ಮರೆಯಬೇಡಿ, ಕಿತ್ತುಬರುವ ಸ್ಟಿಕ್ಕರ್ ನಿಯಮ ಇಲ್ಲಿಗೂ ಸೇರಿಸಿ.

ಎದೆ. ಅರ್ಧ ಹೆಲ್ಮೆಟ್ ಹಾಕುವವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ನೆತ್ತಿಗೆ ಮುಂಚೆ ಇದನ್ನು ಯೋಚಿಸಬೇಕು. ಎದೆಪಟ್ಟಿಯ ಚಿತ್ರದಲ್ಲಿ ಕೈ, ಹ್ಯಾಂಡಲ್, ಫೋರ್ಕ್ ಕುಗ್ಗಿ ಏಳೋದು, ಬ್ರೇಕ್ ಮೇಲಿನ ಬೆರಳು ಎಲ್ಲ ಬರುತ್ತದೆ. ಕ್ಯಾಮೆರಾ ನೆಲಕ್ಕೆ ಹತ್ತಿರ ಇರುವುದರಿಂದ ವೇಗ ಜಾಸ್ತಿ ಕಾಣುತ್ತದೆ, ಇಳಿಜಾರೂ ಸ್ವಲ್ಪ ಇಳಿಜಾರಿನ ಥರವೇ ಕಾಣುತ್ತದೆ. ತಲೆ ಹಗುರ. ಆದರೆ ನೀವು ತಿರುವಿನ ಆಚೆ ನೋಡುತ್ತಿದ್ದರೂ ಕ್ಯಾಮೆರಾ ಎದುರಿಗಿನ ಮರವನ್ನೇ ನೋಡುತ್ತಿರುತ್ತದೆ. ಏರು ಬಂದಾಗ ಮುಂದಕ್ಕೆ ಬಗ್ಗಿದರೆ ಬರೀ ಹ್ಯಾಂಡಲ್ ಹಿಡಿದಿರೋ ಸ್ಟೆಮ್ಮು ಮತ್ತು ಎರಡು ಮಂಡಿ. ನೀರಿನ ಚೀಲದ ಪಟ್ಟಿ ಜೊತೆ ಜಗಳ. ನನ್ನ ಹಾಗೆ ಸ್ವಲ್ಪ ಹೊಟ್ಟೆ ಇದ್ದರೆ ಕೂತಾಗ ಕ್ಯಾಮೆರಾ ಆಕಾಶ ನೋಡುತ್ತದೆ, ನಿಂತಾಗ ಚಕ್ರ ನೋಡುತ್ತದೆ. ಮನೆಯಲ್ಲಿ ನೆಟ್ಟಗೆ ನಿಂತು ಹೊಂದಿಸಬೇಡಿ, ಸೈಕಲ್ ಮೇಲೆ ಇಳಿಜಾರಿನಲ್ಲಿ ನಿಲ್ಲೋ ಭಂಗಿಯಲ್ಲಿ ನಿಂತು, ನಿಮಗೆ ಅತಿ ಅನಿಸೋಷ್ಟು ಮೇಲಕ್ಕೆ ಎತ್ತಿ. ಒಮ್ಮೆ ಎದೆ ಅಡಿಯಾಗಿ ಬಿದ್ದು ಎರಡು ವಾರ ಸೀನಿದಾಗೆಲ್ಲ ಪಕ್ಕೆ ಹಿಡಿದುಕೊಂಡಿದ್ದೀನಿ, ಹಾಗಾಗಿ ಇದೂ ಪೂರ್ತಿ ಕ್ಷೇಮ ಅಂತ ಹೇಳಲ್ಲ.

ಹ್ಯಾಂಡಲ್. ಅದುರು ಜಾಸ್ತಿ, ಬಾರ್ ತಿರುಗಿದರೆ ಇಡೀ ಲೋಕ ತಿರುಗುತ್ತದೆ. ಹಿಂದೆ ತಿರುಗಿಸಿ ನಿಮ್ಮ ಮುಖ ತೋರಿಸೋಕೆ ಒಂದೆರಡು ತುಣುಕಿಗೆ ಚೆನ್ನ, ಇಡೀ ಸವಾರಿಗೆ ಬೇಡ.

ಕ್ಯಾಮೆರಾ ಯಾವುದು

ಮೊದಲು ಡಬ್ಬಿ ಆಕಾರದ ದೊಡ್ಡ ಕ್ಯಾಮೆರಾಗಳು. ಗೋಪ್ರೋ ಹೀರೋ13 ಬ್ಲ್ಯಾಕ್ 159 ಗ್ರಾಂ, ಡಿಜೆಐ ಆಸ್ಮೋ ಆ್ಯಕ್ಷನ್ 5 ಪ್ರೋ 146 ಗ್ರಾಂ. ಎರಡೂ 2024ರಲ್ಲಿ ಬಂದವು. ಇವಕ್ಕೆ ಮೌಂಟ್ ಸೇರಿಸಿದರೆ ಅರ್ಧ ಹೆಲ್ಮೆಟ್ಟಿನ ತೂಕದ ಅರ್ಧದಷ್ಟು ಮೇಲೆ ಹೇರಿದ ಹಾಗೆ. ಒಂದು ಗಂಟೆ ಗೊತ್ತಾಗಲ್ಲ, ಮೂರನೇ ಗಂಟೆಗೆ ಕತ್ತು ಹೇಳುತ್ತದೆ.

ಇವೆರಡರ ನಡುವೆ ನಿಜವಾದ ವ್ಯತ್ಯಾಸ ನೆರಳಿನಲ್ಲಿದೆ. ಚಿತ್ರ ಅಲ್ಲಾಡದ ಹಾಗೆ ಮಾಡುವ ಕೆಲಸ ಈ ಕ್ಯಾಮೆರಾಗಳಲ್ಲಿ ಲೆನ್ಸ್ ಮಾಡಲ್ಲ, ಸಾಫ್ಟ್‌ವೇರ್ ಮಾಡುತ್ತದೆ. ಅಲುಗಾಟ ಅಳೆಯುವ ಒಳಗಿನ ಗೈರೋ ಹೇಳಿದ ಲೆಕ್ಕಕ್ಕೆ ಪ್ರತಿ ಫ್ರೇಮಿನ ಅಂಚು ಕತ್ತರಿಸಿ, ಸರಿಸಿ, ಜೋಡಿಸುತ್ತದೆ. ಬಿಸಿಲಿದ್ದರೆ ಒಂದೊಂದು ಫ್ರೇಮೂ ಚೂಪಾಗಿರುತ್ತದೆ, ಆಗ ಜೋಡಿಸಿದ್ದು ನೀರಿನ ಮೇಲೆ ತೇಲಿದ ಹಾಗಿರುತ್ತದೆ. ಮರದ ಕೆಳಗೆ ಹೋದ ತಕ್ಷಣ ಬೆಳಕು ಸಾಲದೆ ಶಟರ್ ನಿಧಾನ ಆಗುತ್ತದೆ, ಫ್ರೇಮಿನ ಒಳಗೇ ಚಿತ್ರ ಕಲಸಿಹೋಗುತ್ತದೆ, ಕಲಸಿದ್ದನ್ನು ಎಷ್ಟು ನೆಟ್ಟಗೆ ಜೋಡಿಸಿದರೂ ಅದು ಕಲಸಿದ್ದೇ. ಅದಕ್ಕೇ ನೋಡೋಕೆ ಒಂಥರಾ ನಡುಕ, ರಾಗಿಗಂಜಿ ಅಲ್ಲಾಡಿದ ಹಾಗೆ. ಡಿಜೆಐ ಆ್ಯಕ್ಷನ್ 4 ಮತ್ತು 5 ಪ್ರೋದಲ್ಲಿ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್ಪು, 1/1.3 ಇಂಚಿನದು, ಹೀರೋ13ರಲ್ಲಿ ಅದಕ್ಕಿಂತ ಚಿಕ್ಕದು, 1/1.9 ಇಂಚಿನದು. ಸೆನ್ಸರ್ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಹಿಡಿಯುತ್ತದೆ. ಲೆನ್ಸಿನ ಕಿಂಡಿ ಗೋಪ್ರೋದಲ್ಲಿ ಸ್ವಲ್ಪ ಅಗಲ, ಆದರೂ ಕಾಫಿ ತೋಟದ ನೆರಳಿನಲ್ಲಿ, ಮೋಡದ ದಿನ ನಾನು ಡಿಜೆಐಯನ್ನೇ ಕೈಗೆತ್ತಿಕೊಳ್ಳುತ್ತೇನೆ. ಇನ್‌ಸ್ಟಾ360 ಏಸ್ ಪ್ರೋ 2 ಕೂಡ ಇದೇ ಅಳತೆಯ ಸೆನ್ಸರಿನದು, ಪರದೆ ಮಡಚಿ ಮೇಲೆತ್ತಬಹುದು, ಆದರೆ ತಲೆ ಮೇಲೆ ಕೂತ ಕ್ಯಾಮೆರಾದ ಪರದೆ ಎತ್ತಿ ಯಾರಿಗೆ ತೋರಿಸಬೇಕು?

ಡಿಜೆಐಗೆ ಅಯಸ್ಕಾಂತದ ಕ್ಲಿಪ್ ಇದೆ, ಟಕ್ ಅಂತ ತೆಗೆದು ಟಕ್ ಅಂತ ಹಾಕಬಹುದು, ಗ್ಲೌಸ್ ಹಾಕಿದ ಕೈಯಲ್ಲೂ. ಗೋಪ್ರೋ ಕಡೆಯ ಬಲ ಬೇರೆ. ಅದರ ಅಡಿಯಲ್ಲಿ ಮಡಚಿಕೊಂಡಿರುವ ಬೆರಳಿನಂಥ ಕೊಂಡಿಗಳಿಗೆ ಹೊಂದುವ ಮೌಂಟ್ ಹಳ್ಳಿ ಪೇಟೆಯ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ಹಳೇದು ಮಾರೋಕೆ ಹೋದರೆ ಕೊಳ್ಳುವವರು ಇರುತ್ತಾರೆ, ಮತ್ತು ಹೀರೋ13ರಲ್ಲಿ ಜಿಪಿಎಸ್ ಒಳಗೇ ಇದೆ, ವಿಡಿಯೋ ಮೇಲೆ ವೇಗ ತೋರಿಸಬಹುದು. ಹೀರೋ12ರಲ್ಲಿ ಅದನ್ನು ತೆಗೆದುಹಾಕಿದ್ದರು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಿ. ಸೈಕಲ್ ಕಂಪ್ಯೂಟರ್ ಇದ್ದವರಿಗೆ ಜಿಪಿಎಸ್ ಮುಖ್ಯ ಅಲ್ಲ.

ಎರಡನೇ ಗುಂಪು ಚಿಕ್ಕವು. ಇನ್‌ಸ್ಟಾ360 ಗೋ 3ಎಸ್ ಬರೀ 39 ಗ್ರಾಂ. ಹೆಬ್ಬೆರಳಿನಷ್ಟು. ಹೆಲ್ಮೆಟ್ಟಿನ ಮುಂಚಾಚಿನ ಕೆಳಗೇ ಅಂಟಿಸಬಹುದು. ಕೊಂಬೆಗೆ ಸಿಗಲ್ಲ, ಕತ್ತಿಗೆ ಗೊತ್ತಾಗಲ್ಲ, ನೋಟ ಹೆಚ್ಚುಕಮ್ಮಿ ಕಣ್ಣಿನದೇ. ಅರ್ಧ ಹೆಲ್ಮೆಟ್ಟಿನವರಿಗೆ ಗದ್ದದ ಚಿತ್ರಕ್ಕೆ ಹತ್ತಿರದ್ದು ಸಿಗೋದು ಇದರಲ್ಲೇ. ಇದಕ್ಕೆ ತೆರಬೇಕಾದ್ದು ಏನು ಅಂದರೆ, ಒಂದೇ ಚಾರ್ಜಿನಲ್ಲಿ ಒಂಟಿಯಾಗಿ ಅರ್ಧ ಗಂಟೆ ಚಿಲ್ಲರೆ ಓಡುತ್ತದೆ, ಆಮೇಲೆ ಅದರ ಡಬ್ಬಿಯಲ್ಲಿ ಇಟ್ಟು ಚಾರ್ಜ್ ಮಾಡಬೇಕು. ಕಾರ್ಡ್ ಹಾಕುವ ಜಾಗ ಇಲ್ಲ, ಒಳಗಿರುವ ಮೆಮೊರಿ ಎಷ್ಟೋ ಅಷ್ಟೇ. ಸೆನ್ಸರ್ ಚಿಕ್ಕದು, ನೆರಳಿನಲ್ಲಿ ಸೋಲುತ್ತದೆ. ಮಳೆಯಲ್ಲಿ ಕ್ಯಾಮೆರಾಗೆ ಏನೂ ಆಗಲ್ಲ, ಆದರೆ ಡಬ್ಬಿಯನ್ನು ನೆನೆಸಬೇಡಿ. ಇಳಿಜಾರು ಬಂದಾಗ ಮಾತ್ರ ಗುಂಡಿ ಒತ್ತುವವರಿಗೆ ಇದು ಧಾರಾಳ ಸಾಕು. ಬೆಳಿಗ್ಗೆ ಒತ್ತಿ ಮಧ್ಯಾಹ್ನ ನಿಲ್ಲಿಸುವವರಿಗೆ ಅಲ್ಲ.

ಗೋಪ್ರೋನ 2024ರ ಸಣ್ಣ ಹೀರೋ 86 ಗ್ರಾಂ, ಬೆಲೆಯೂ ಕಮ್ಮಿ. ಆದರೆ ಬ್ಯಾಟರಿ ತೆಗೆಯೋಕೆ ಬರಲ್ಲ, ಮತ್ತು ಚಿತ್ರ ಸ್ಥಿರ ಮಾಡುವ ಕೆಲಸ ಕ್ಯಾಮೆರಾದಲ್ಲಿ ಆಗಲ್ಲ, ಆಮೇಲೆ ಫೋನಿನ ಆ್ಯಪಿಗೆ ಹಾಕಿ ಮಾಡಿಸಬೇಕು. ಕಲ್ಲುದಾರಿಯಲ್ಲಿ ಓಡಿಸುವ ನಮಗೆ ಆ ಒಂದು ಕೊರತೆ ದೊಡ್ಡದು.

ಮೂರನೇದು 360. ಇನ್‌ಸ್ಟಾ360 ಕಂಪನಿಯ ಎಕ್ಸ್4 203 ಗ್ರಾಂ, ಎಕ್ಸ್5 200 ಗ್ರಾಂ. ಸುತ್ತಲೂ ಎಲ್ಲ ಒಂದೇ ಸಲ ರೆಕಾರ್ಡ್ ಆಗುತ್ತದೆ, ಎಲ್ಲಿ ನೋಡಬೇಕು ಅಂತ ಮನೆಗೆ ಬಂದು ತೀರ್ಮಾನ ಮಾಡಬಹುದು, ಕೋಲಿನ ತುದಿಯಲ್ಲಿಟ್ಟರೆ ಕೋಲೇ ಮಾಯ, ಯಾರೋ ಪಕ್ಕದಲ್ಲಿ ಹಾರಿಕೊಂಡು ಶೂಟ್ ಮಾಡಿದ ಹಾಗೆ. ಮೊದಲ ವಾರ ಹುಚ್ಚು ಹಿಡಿಸುತ್ತದೆ. ಆಮೇಲೆ ಎಡಿಟ್. 8ಕೆ ಗುಣಮಟ್ಟದಲ್ಲಿ ಗಂಟೆಗೆ 90 ಜಿಬಿ ತನಕ ತುಂಬುತ್ತದೆ, ಪ್ರತಿ ತುಣುಕಿಗೂ ಕೂತು ಕೋನ ಆರಿಸಬೇಕು, ಮೂರು ನಿಮಿಷದ ವಿಡಿಯೋಗೆ ಒಂದು ಸಂಜೆ ಹೋಗುತ್ತದೆ. ನನ್ನ ಹತ್ತಿರ ಎರಡು ವರ್ಷದ ಹಿಂದಿನ 360 ಫೈಲುಗಳು ಹಾರ್ಡ್ ಡಿಸ್ಕಿನಲ್ಲಿ ಉಪ್ಪಿನಕಾಯಿ ಥರ ಕೂತಿವೆ. ಮೇಲಾಗಿ ಎರಡೂ ಕಡೆ ಗುಬುಟು ಲೆನ್ಸು, ಹೆಲ್ಮೆಟ್ ಬಿಚ್ಚಿ ಕಲ್ಲಿನ ಮೇಲಿಟ್ಟರೂ ಗೀರು. ಎಕ್ಸ್5ರಲ್ಲಿ ಲೆನ್ಸನ್ನು ನಾವೇ ಬದಲಾಯಿಸಬಹುದು, ಈ ಕೆಲಸಕ್ಕೆ 360 ಕೊಳ್ಳುವುದಾದರೆ ಅದೊಂದೇ ಕಾರಣಕ್ಕೆ ನಾನು ಅದನ್ನು ಹೇಳುತ್ತೇನೆ.

ಇನ್ನು ಅಗ್ಗದವು. ಐದಾರು ಸಾವಿರಕ್ಕೆ ಸಿಗುವ, ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 4ಕೆ ಅಂತ ಬರೆದಿರುವ ಕ್ಯಾಮೆರಾಗಳು. ಎಷ್ಟೋ ಮಾಡೆಲ್‌ಗಳಲ್ಲಿ 4ಕೆ ಹಾಕಿದರೆ ಸ್ಥಿರತೆ ಕೆಲಸ ಮಾಡಲ್ಲ, ಸ್ಥಿರತೆ ಹಾಕಿದರೆ 4ಕೆ ಇಲ್ಲ. ಸೈಕಲ್‌ಗೆ ಬೇಕಾದ್ದು ಸ್ಥಿರತೆ. 4ಕೆಗಿಂತ ಕಮ್ಮಿ ಸ್ಪಷ್ಟತೆಯ 1080ರಲ್ಲಿ ನೆಟ್ಟಗೆ ನಿಂತ ಚಿತ್ರ, 4ಕೆಯಲ್ಲಿ ನಡುಗುವ ಚಿತ್ರಕ್ಕಿಂತ ಸಾವಿರ ಪಾಲು ವಾಸಿ. ಹಳೇ ಫೋನನ್ನು ಹೆಲ್ಮೆಟ್ಟಿಗೆ ಕಟ್ಟೋ ಯೋಚನೆ ಇದ್ದರೆ ಅಲ್ಲೇ ಬಿಡಿ, 200 ಗ್ರಾಂ ಗಾಜು ತಲೆ ಮೇಲೆ ಬೇಡ.

ಕೈಯಲ್ಲಿ ಹತ್ತು ಹದಿನೈದು ಸಾವಿರ ಇದ್ದರೆ ನನ್ನ ಸಲಹೆ ಸೆಕೆಂಡ್ ಹ್ಯಾಂಡ್ ಹುಡುಕಿ ಅಂತ. ಗೋಪ್ರೋದಲ್ಲಿ ಹೈಪರ್‌ಸ್ಮೂತ್ ಅನ್ನೋ ಸ್ಥಿರತೆ ಬಂದದ್ದು 2018ರ ಹೀರೋ7 ಬ್ಲ್ಯಾಕ್‌ನಿಂದ. ಅದಕ್ಕಿಂತ ಹಳೇದು ಪುಕ್ಕಟೆ ಕೊಟ್ಟರೂ ಟ್ರೇಲಿಗೆ ಬೇಡ. ಹೀರೋ8ರಲ್ಲಿ ಲೆನ್ಸಿನ ಮೇಲಿನ ಗಾಜು ಬದಲಾಯಿಸೋಕೆ ಬರಲ್ಲ, ಗೀರಿದ್ದರೆ ಮುಟ್ಟಬೇಡಿ. 7 ಮತ್ತು 9ರಲ್ಲಿ ಬರುತ್ತದೆ. ಬ್ಯಾಟರಿ ಉಬ್ಬಿದೆಯಾ, ಬಾಗಿಲಿನ ರಬ್ಬರ್ ನೆಟ್ಟಗಿದೆಯಾ ನೋಡಿ, ಅಲ್ಲೇ ನಿಂತು ಹತ್ತು ನಿಮಿಷ ರೆಕಾರ್ಡ್ ಮಾಡಿಸಿ. ಮಾರುವವನು "ನೀರಲ್ಲಿ ಹಾಕಿಲ್ಲ ಸಾರ್" ಅಂದರೆ ತಲೆ ಆಡಿಸಿ, ನಂಬಬೇಡಿ.

ಕೊಂಡಮೇಲೆ ಗೊತ್ತಾಗೋ ಸಂಗತಿಗಳು

ನೀವು ಪ್ರಾಣ ಕೈಯಲ್ಲಿ ಹಿಡಿದು ಇಳಿದ ಇಳಿಜಾರು ವಿಡಿಯೋದಲ್ಲಿ ಲಾಲ್‌ಬಾಗ್ ರಸ್ತೆ ಥರ ಕಾಣುತ್ತದೆ. ಅಗಲ ಲೆನ್ಸಿನ ಗುಣ ಇದು, ಎಲ್ಲ ಕ್ಯಾಮೆರಾದಲ್ಲೂ ಅಷ್ಟೇ, ಕ್ಯಾಮೆರಾ ಬದಲಾಯಿಸಿದರೆ ಹೋಗಲ್ಲ. 2013ರಲ್ಲಿ ಅಮೆರಿಕದ ಯೂಟಾದಲ್ಲಿ ನಡೆದ ರೆಡ್ ಬುಲ್ ರ‍್ಯಾಂಪೇಜ್ ಅನ್ನೋ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಸವಾರ ಕೆಲಿ ಮೆಕ್‌ಗ್ಯಾರಿ 72 ಅಡಿಯ ಕಂದರದ ಮೇಲೆ ಹಿಮ್ಮುಖ ಪಲ್ಟಿ ಹೊಡೆದದ್ದನ್ನು ಅವರದೇ ಕ್ಯಾಮೆರಾದ ಕಣ್ಣಲ್ಲಿ ಕೋಟಿಗಟ್ಟಲೆ ಸಲ ಜನ ನೋಡಿದ್ದಾರೆ. ಅಲ್ಲಿ ಎದೆ ಝಲ್ ಅನ್ನೋದು ಎರಡೂ ಕಡೆ ಪಾತಾಳ ಕಾಣುವುದರಿಂದ. ನಮ್ಮ ದಾರಿಯಲ್ಲಿ ಪಾತಾಳ ಇಲ್ಲ, ಆದ್ದರಿಂದ ಮರ, ಬಂಡೆ, ಮುಂದೆ ಹೋಗುವ ಗೆಳೆಯ ಇವುಗಳನ್ನು ಹತ್ತಿರದಲ್ಲಿ ಇಟ್ಟುಕೊಳ್ಳಿ. ಗೆಳೆಯ ಇಳಿಜಾರಿನಲ್ಲಿ ಕೆಳಗೆ ಮಾಯವಾದಾಗಲೇ ನೋಡುವವರಿಗೆ ಆಳ ತಿಳಿಯೋದು. ಅಗಲ ಜಾಸ್ತಿ ಇರುವ ಮೋಡ್ ಹಾಕಿದರೆ ಅಂಚಿನಲ್ಲಿ ಮರಗಳು ಸರ್ ಅಂತ ಹಿಂದಕ್ಕೆ ಓಡುತ್ತವೆ, ವೇಗ ಕಾಣುತ್ತದೆ. ಅಂಚಿನ ಬಾಗು ತೆಗೆಯುವ ಲೀನಿಯರ್ ಮೋಡ್ ಹಾಕಿದರೆ ಗೆರೆ ನೆಟ್ಟಗೆ, ಸವಾರಿ ಸಪ್ಪೆ.

ನೀಲಗಿರಿ ಮರಗಳ ನಡುವೆ ಬಿಸಿಲು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ, ಕ್ಯಾಮೆರಾ ಪ್ರತಿ ಸೆಕೆಂಡೂ ಕಕ್ಕಾಬಿಕ್ಕಿ. ಎಕ್ಸ್‌ಪೋಷರನ್ನು ಅರ್ಧ ಸ್ಟಾಪ್ ಇಳಿಸಿ, ಅಂದರೆ ಚಿತ್ರ ಸ್ವಲ್ಪ ಕಪ್ಪಾಗಲಿ, ಐಎಸ್‌ಒ (ಕಮ್ಮಿ ಬೆಳಕನ್ನು ಹೆಚ್ಚಿಸಿ ತೋರಿಸುವ ಮಟ್ಟ) 1600 ದಾಟದ ಹಾಗೆ ಕಟ್ಟಿಹಾಕಿ. ಬಿಸಿಲಿದ್ದರೆ 4ಕೆಯಲ್ಲಿ ಸೆಕೆಂಡಿಗೆ 60 ಫ್ರೇಮು, ದಟ್ಟ ನೆರಳಾದರೆ 30.

ಲೆಕ್ಕ ಹೇಳ್ತೀನಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. 64 ಜಿಬಿ ಕಾರ್ಡು ಒಂದೂವರೆ ಗಂಟೆಗೂ ಸಾಲದು, 128 ತಗೊಳ್ಳಿ, ಮೇಲೆ ವಿ30 ಅಂತ, ಅಂದರೆ ವಿಡಿಯೋ ಬರೆಯುವ ವೇಗದ ಗುರುತು, ಬರೆದಿರಬೇಕು. ಮನೆಗೆ ತಂದ ದಿನವೇ ಪೂರ್ತಿ ತುಂಬಿಸಿ ನೋಡಿ. ಒಂದು ಸಲ ನನಗೆ ಸಿಕ್ಕ 128ರ ಕಾರ್ಡಿನ ಹೊಟ್ಟೆಯಲ್ಲಿ ಇದ್ದದ್ದು 16 ಮಾತ್ರ.

ಇನ್ನೊಂದು ಮಾತು, ಇದು ಕ್ಯಾಮೆರಾದ್ದಲ್ಲ. ನಮ್ಮ ಕಾಡುಗಳಲ್ಲಿ ಎಲ್ಲೆಂದರಲ್ಲಿ ಸೈಕಲ್ ನುಗ್ಗಿಸುವಂತಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಲ್ಲಿ ಶೂಟ್ ಮಾಡೋಕೂ ಅನುಮತಿ ಬೇಕು. ಮಲೆನಾಡಿನ ಎಷ್ಟೋ ಚೆಂದದ ದಾರಿಗಳು ಯಾರದೋ ಎಸ್ಟೇಟಿನವು. ಅನುಮತಿ ಇಲ್ಲದೆ ಹೋಗಿ ವಿಡಿಯೋ ಹಾಕಿದರೆ, ಜಿಪಿಎಸ್ ಸಮೇತ ನಿಮ್ಮ ಮೇಲೆ ನೀವೇ ಸಾಕ್ಷಿ ಒದಗಿಸಿದ ಹಾಗೆ.

ಆ ಮೂವರಿಗೆ ನಾನು ಬರೆದದ್ದು

ವಿಸ್ಲರಿನವರಿಗೆ: ಫುಲ್‌ಫೇಸ್ ಇದೆ, ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಬರೀ ಇಳಿಯೋದು, ಗದ್ದ ಬಿಟ್ಟು ಬೇರೆ ಯೋಚನೆ ಬೇಡ. ಅಲ್ಲಿನ ಕಾಡೂ ಕತ್ತಲೆ ಕಾಡೇ, ಹಾಗಾಗಿ ದೊಡ್ಡ ಸೆನ್ಸರಿನ ಡಬ್ಬಿ ಕ್ಯಾಮೆರಾ. 360 ಬೇಕೇ ಬೇಕು ಅಂದರೆ ಮೊದಲು ಯಾರ ಹತ್ತಿರವಾದರೂ ಒಂದು ವಾರಾಂತ್ಯಕ್ಕೆ ಎರವಲು ತನ್ನಿ, ಎಡಿಟ್ ಮಾಡಿ ಮುಗಿಸಿದರೆ ಕೊಳ್ಳಿ, ಮುಗಿಸದಿದ್ದರೆ ಉತ್ತರ ಸಿಕ್ಕಿತು.

ಸಕಲೇಶಪುರದ ತಮ್ಮನಿಗೆ: 12 ಸಾವಿರವನ್ನೂ ಕ್ಯಾಮೆರಾಗೆ ಹಾಕಬೇಡ. ಒಂಬತ್ತರ ಒಳಗೆ ಹಳೇ ಹೀರೋ7 ಬ್ಲ್ಯಾಕ್ ಸಿಗುತ್ತಾ ನೋಡು, ಉಳಿದದ್ದರಲ್ಲಿ ಕಾರ್ಡು, ಹೊಸ ಬ್ಯಾಟರಿ, ಎದೆಪಟ್ಟಿ. ಹೆಲ್ಮೆಟ್ ಮೇಲೆ ಬೇಡ, ನಿಮ್ಮ ಕಡೆ ಕೊಂಬೆ ಜಾಸ್ತಿ, ಬೆಳಕು ಕಮ್ಮಿ. ಮಳೆಗಾಲ ಮುಗಿಯೋವರೆಗೆ ಕಾಯೋಕಾದರೆ ಕಾಯಿ, ಹಳೇ ರಬ್ಬರನ್ನು ನಿಮ್ಮೂರ ಮಳೆ ಮುಂದೆ ನಾನು ನಂಬಲ್ಲ. ನಿನ್ನ ಹೆಲ್ಮೆಟ್ ಬಿದ್ದು ಬಿರುಕು ಬಿಟ್ಟಿದೆ ಅಂದಿದ್ದೆಯಲ್ಲ, ಹಾಗಿದ್ದರೆ ಕ್ಯಾಮೆರಾ ಮುಂದಿನ ವರ್ಷ, ಈ ವರ್ಷ ಹೆಲ್ಮೆಟ್.

ಅವಲಹಳ್ಳಿಯವರಿಗೆ: ಅರ್ಧ ಹೆಲ್ಮೆಟ್, ವಾರಕ್ಕೆರಡು ಗಂಟೆ, ಗೆಳೆಯರ ಗುಂಪು, ಹಾಕೋದು ಒಂದು ನಿಮಿಷದ ರೀಲು. ಬರೀ ಇಳಿಜಾರಿನ ತುಣುಕು ಸಾಕು ಅಂದರೆ ಗೋ 3ಎಸ್ ಮುಂಚಾಚಿನ ಕೆಳಗೆ. ಗುಂಪಿನ ಹಿಂದೆ ಇದ್ದು ಎಲ್ಲರನ್ನೂ ಹಿಡಿಯಬೇಕು ಅಂದರೆ ಆ್ಯಕ್ಷನ್ 4, ಬೆಲೆ ಇಳಿದಿರುತ್ತದೆ, 5 ಪ್ರೋಗೂ ಇದಕ್ಕೂ ಸೈಕಲ್ ಮೇಲೆ ದೊಡ್ಡ ವ್ಯತ್ಯಾಸ ಬ್ಯಾಟರಿಯದು, ಎರಡು ಗಂಟೆಗೆ ಇನ್ನೊಂದು ಬ್ಯಾಟರಿ ಜೇಬಲ್ಲಿದ್ದರೆ ಆಯಿತು. ಅವರು ಕೊನೆಗೆ ಆ್ಯಕ್ಷನ್ 4 ತಗೊಂಡರು. ನೆತ್ತಿ ಮೇಲೇ ಅಂಟಿಸ್ತೀನಿ ಅಂತ ಹಟ, ಮುಂದಿನವರನ್ನು ಶೂಟ್ ಮಾಡೋಕೆ ಅದೇ ಸರಿ, ನಾನೂ ಒಪ್ಪಿದೆ. ಶನಿವಾರ ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಈಗ ಸ್ಟಿಕ್ಕರ್ ಅಂಟಿಸ್ತಾ ಇದ್ದೀನಿ, ನಾಳೆ ಬೆಳಿಗ್ಗೆ ಆರಕ್ಕೆ ಸಿಗೋಣ" ಅಂದರು. ಆ ಅಂಟು ಪೂರ್ತಿ ಹಿಡಿಯೋಕೆ 24 ಗಂಟೆ ಬೇಕು. ನಾಳೆ ಕ್ಯಾಮೆರಾ ಮನೆಯಲ್ಲೇ ಇರಲಿ, ಹೆಲ್ಮೆಟ್ ಮಾತ್ರ ಹಾಕಿಕೊಂಡು ಬನ್ನಿ ಅಂದೆ.